ಲಂಡನ್ನಿನಲ್ಲಿ ಸಾಲಿ ಸೂಟಿ: ಕಲಬುರಗಿ ಕಡೆಯಿಂದ ಹೊರಟವರಿಗೆ

ಲಂಡನ್ನಿನಿಂದ ರಜೆಗೆಂದು ಕಲಬುರಗಿಗೆ ಬಂದಾಗಲೆಲ್ಲ ಯಾರಾದರೂ ಮನೆಗೆ ಬಂದೇ ಬರುತ್ತಾರೆ. ಅಲ್ಲಿ ನರ್ಸ್ ಕೆಲಸ ಸಿಕ್ಕವರು, ಸಾಫ್ಟ್‌ವೇರ್‌ನವರು, ಬೀದರ್ ಯಾದಗಿರಿ ಕಡೆಯವರೂ ಇರುತ್ತಾರೆ. ಬಾಡಿಗೆ, ಬ್ಯಾಂಕು, ಚಳಿ ಎಲ್ಲ ಕೇಳಿ ಮುಗಿದ ಮೇಲೆ ಏಳುವ ಹೊತ್ತಿಗೆ ಒಂದು ಪ್ರಶ್ನೆ: "ಅಕ್ಕಾ, ಸಾಲಿ ಸೂಟಿ ಇದ್ದಾಗ ಹುಡುಗರನ್ನ ಎಲ್ಲಿ ಕರ್ಕೊಂಡು ಹೋಗ್ಬೇಕ್ರಿ?" ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗಾಗಲೇ ಹೋಗಿ ಇಳಿದವರಿಗೂ ಇದು ಉಪಯೋಗವಾದೀತು.

ಮೊದಲು ಸೂಟಿಯ ಲೆಕ್ಕ. ನಮ್ಮಲ್ಲಿಯ ಹಾಗೆ ಏಪ್ರಿಲ್, ಮೇ ಪೂರ್ತಿ ಅಜ್ಜಿ ಮನೆ ಅನ್ನೋದು ಅಲ್ಲಿಲ್ಲ. ರಜೆ ತುಂಡು ತುಂಡಾಗಿ ಬರುತ್ತದೆ. ಅಕ್ಟೋಬರ್ ಕೊನೆ, ಫೆಬ್ರವರಿ ನಡುವೆ, ಮೇ ಕೊನೆ, ಹೀಗೆ ಒಂದೊಂದು ವಾರ. ಇದೇ ಹಾಫ್ ಟರ್ಮ್. ಕ್ರಿಸ್‌ಮಸ್‌ಗೆ ಮತ್ತು ಈಸ್ಟರ್‌ಗೆ ಸುಮಾರು ಎರಡೆರಡು ವಾರ. ದೊಡ್ಡ ಸೂಟಿ ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ, ಹೆಚ್ಚುಕಮ್ಮಿ ಆರು ವಾರ. ಒಂದೊಂದು ಕೌನ್ಸಿಲ್‌ನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ದಿನಾಂಕ ಒಂದೊಂದು ಥರ ಇರಬಹುದು. ನಿಮ್ಮ ಶಾಲೆಯ ಕ್ಯಾಲೆಂಡರ್ ನೋಡಿಯೇ ಟಿಕೆಟ್ ಮಾಡಿಸಿ.

ನಡುವೆ ಶಾಲೆ ತಪ್ಪಿಸಿ ಊರಿಗೆ ಬಂದು ಹೋಗೋದು ಸುಲಭ ಅಲ್ಲ. ಶರಣಬಸವೇಶ್ವರರ ಜಾತ್ರೆ ಬರೋದು ಹೋಳಿ ಆದ ಮೇಲೆ. ಹೆಚ್ಚಿನ ವರ್ಷ ಆಗ ಅಲ್ಲಿ ಶಾಲೆ ನಡೆಯುತ್ತಿರುತ್ತದೆ. ಮಕ್ಕಳಿಗೆ ತೇರು ತೋರಿಸೋಣ ಅಂತ ಒಪ್ಪಿಗೆ ಇಲ್ಲದೆ ಐದು ದಿನ ತಪ್ಪಿಸಿದರೆ ದಂಡ ಬೀಳಬಹುದು. 2024ರ ಆಗಸ್ಟ್‌ನಿಂದ ಇಂಗ್ಲೆಂಡಿನಲ್ಲಿ ಈ ದಂಡ ಒಂದೊಂದು ಮಗುವಿಗೂ ಬೇರೆ, ಅದೂ ತಾಯಿಗೆ ಬೇರೆ, ತಂದೆಗೆ ಬೇರೆ: ಒಬ್ಬೊಬ್ಬರಿಗೆ 160 ಪೌಂಡ್, 21 ದಿನದೊಳಗೆ ಕಟ್ಟಿದರೆ 80. ಇಬ್ಬರು ಮಕ್ಕಳಿದ್ದರೆ ನೀವೇ ಕೂಡಿಸಿಕೊಳ್ಳಿ. ಜ್ವರ ಅಂತ ಸುಳ್ಳು ಹೇಳಿ ಹೋಗೋಣ ಅನ್ನುವವರೂ ಇದ್ದಾರೆ. ಮಗು ವಾಪಸ್ ಹೋದ ದಿನವೇ ಟೀಚರ್ ಮುಂದೆ ಜಾತ್ರೆಯ ಕಥೆ ಪೂರ್ತಿ ಹೇಳಿರುತ್ತದೆ!

ಇನ್ನು ಸುತ್ತಾಟ. ನಮ್ಮ ಕಡೆ ಬೀದರಿಗೆ ಹೋದರೆ ಕೋಟೆ, ನಾನಕ್ ಝೀರಾ, ಝರಣಿ ನರಸಿಂಹ, ಪಾಪನಾಶ, ಅಷ್ಟೂರಿನ ಗುಂಬಜ್ ಎಲ್ಲ ಒಂದೇ ದಿನ ಮುಗಿಯಬೇಕು. ಗಾಡಿ ಮಾಡಿಕೊಂಡು ಹೋಗಿರುತ್ತೇವೆ, ವಸೂಲಾಗಬೇಕಲ್ವಾ? ಅದು ನಡೆಯುತ್ತದೆ, ಯಾಕಂದರೆ ಅಜ್ಜಿ, ಕಾಕಾ, ಅತ್ತಿ ಎಲ್ಲ ಜೊತೆಗಿರುತ್ತಾರೆ, ಮಗು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ಹೋಗುತ್ತಿರುತ್ತದೆ. ಲಂಡನ್ನಿನಲ್ಲಿ ಎತ್ತಿಕೊಳ್ಳಲು ನೀವಿಬ್ಬರೇ. ಒಬ್ಬರಿಗೆ ಶಿಫ್ಟ್ ಇದ್ದರೆ ಇನ್ನೊಬ್ಬರೇ. ಹಾಗಾಗಿ ದಿನಕ್ಕೆ ಒಂದೇ ಜಾಗ. ಟವರ್ ಬ್ರಿಜ್ ನೋಡಿ, ಮ್ಯೂಸಿಯಂ ನೋಡಿ, ಸಂಜೆ ಬಕಿಂಗ್‌ಹ್ಯಾಮ್ ಅರಮನೆ ಅಂತ ಪಟ್ಟಿ ಹಾಕಿದರೆ ಮೂರು ಗಂಟೆಗೇ ಮಗು ಫುಟ್‌ಪಾತ್ ಮೇಲೆ ಕೂತುಬಿಡುತ್ತದೆ.

ಹೋಗಲು ಬರಲು ಬಸ್ಸೇ ಒಳ್ಳೇದು. ಹನ್ನೊಂದು ವರ್ಷದ ಒಳಗಿನವರಿಗೆ ಬಸ್ ಪುಕ್ಕಟೆ. ಟ್ಯೂಬ್‌ನಲ್ಲೂ (ನೆಲದಡಿಯ ರೈಲು) ಟಿಕೆಟ್ ಇರುವ ದೊಡ್ಡವರೊಬ್ಬರ ಜೊತೆ ಅಂಥ ನಾಲ್ಕು ಮಕ್ಕಳವರೆಗೆ ದುಡ್ಡಿಲ್ಲ. ಆದರೆ ಎಷ್ಟೋ ಟ್ಯೂಬ್ ಸ್ಟೇಷನ್‌ಗಳಲ್ಲಿ ಲಿಫ್ಟ್ ಇಲ್ಲ. ಮಗು ಮಲಗಿರುವ ಪ್ರಾಮ್ (ತಳ್ಳುಗಾಡಿ) ಹೊತ್ತು ಮೆಟ್ಟಿಲು ಹತ್ತಿ ನೋಡಿ, ಗೊತ್ತಾಗುತ್ತದೆ. ಬಸ್ಸಿನಲ್ಲಿ ಪ್ರಾಮ್ ನಿಲ್ಲಿಸಲು ಜಾಗ ಇದೆ, ಆದರೆ ಗಾಲಿಕುರ್ಚಿಯವರು ಬಂದರೆ ಆ ಜಾಗ ಅವರದು, ನೀವು ಪ್ರಾಮ್ ಮಡಚಬೇಕು. ಬೇಗ ಮಡಚಲು ಬರುವಂಥದ್ದನ್ನೇ ಕೊಳ್ಳಿ. ಸ್ವಲ್ಪ ದೊಡ್ಡ ಮಕ್ಕಳಿಗೆ ಡಬಲ್ ಡೆಕ್ಕರ್‌ನ ಮೇಲಿನ ಮುಂದಿನ ಸೀಟು ಸಿಕ್ಕರೆ ಸಾಕು, ಮರದ ಟೊಂಗೆ ಗಾಜಿಗೆ ಟಪ್ ಅಂತ ಬಡಿದಾಗ ಕೇಕೆ ಹಾಕುತ್ತಾರೆ. ಗೆಳೆಯರ ಕಾರಿನಲ್ಲಿ ಹೊರಟರೆ ಮಾತ್ರ ಮಗುವನ್ನು ತೊಡೆ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಹನ್ನೆರಡು ವರ್ಷ ಆಗುವವರೆಗೆ, ಇಲ್ಲವೇ 135 ಸೆಂಟಿಮೀಟರ್ ಎತ್ತರ ಬರುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಮಕ್ಕಳ ಸೀಟು ಬೇಕು. ಇದು ಕಾನೂನು.

ಮಳೆ ಇದ್ದ ದಿನ ಸೌತ್ ಕೆನ್ಸಿಂಗ್ಟನ್. ಅಲ್ಲಿ ಮೂರು ದೊಡ್ಡ ಮ್ಯೂಸಿಯಂಗಳು ಅಕ್ಕಪಕ್ಕದಲ್ಲೇ ಇವೆ, ಮೂರಕ್ಕೂ ಪ್ರವೇಶ ಪುಕ್ಕಟೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1881ರಲ್ಲಿ ತೆರೆದದ್ದು. ಒಳಗೆ ಕಾಲಿಡುತ್ತಲೇ ತಲೆ ಮೇಲೆ ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುತ್ತದೆ, 25 ಮೀಟರ್ ಉದ್ದ. ಮಕ್ಕಳು ಡೈನೋಸಾರ್‌ ಕಡೆಗೇ ಓಡುತ್ತಾರೆ. ಕತ್ತಲಲ್ಲಿ ತಲೆ ಆಡಿಸುತ್ತ ಗುರುಗುಡುವ ಯಾಂತ್ರಿಕ ಟಿ ರೆಕ್ಸ್ ಇದೆ, ಸಣ್ಣವರು ಹೆದರಿ ಅಳುವುದೂ ಉಂಟು. ಮೊದಲೇ ಹೇಳಿಟ್ಟಿರಿ. ಹಾಫ್ ಟರ್ಮ್‌ನಲ್ಲಿ ಸಾಲು ಹೊರಗಿನವರೆಗೂ ಬರುತ್ತದೆ. ಪುಕ್ಕಟೆ ಟಿಕೆಟ್ಟನ್ನು ಮೊದಲೇ ಬುಕ್ ಮಾಡಿ, ಬಾಗಿಲು ತೆಗೆಯುವ ಹತ್ತು ಗಂಟೆಗೇ ಅಲ್ಲಿರಿ. ಮೂರರಿಂದ ಆರು ವರ್ಷದವರಿಗೆ ಸೈನ್ಸ್ ಮ್ಯೂಸಿಯಂನ ನೆಲಮಾಳಿಗೆಯಲ್ಲಿರುವ ಗಾರ್ಡನ್ ಅನ್ನುವ ಆಟದ ಜಾಗ ವಾಸಿ. ನೀರಾಟ ಇದೆ, ಬದಲಿ ಬಟ್ಟೆ ಒಯ್ಯಿರಿ.

ಮೂರನೆಯದು ವಿಕ್ಟೋರಿಯಾ ಅಂಡ್ ಆಲ್ಬರ್ಟ್. ಬೀದರಿನವರು ಇದನ್ನು ಬಿಡಬೇಡಿ. ಅದರ ಸಂಗ್ರಹದಲ್ಲಿ ನಿಮ್ಮೂರಿನ ಬಿದ್ರಿ ಕೆಲಸದ ಹುಕ್ಕಾ ತಳಗಳಿವೆ, ಕಪ್ಪು ಮೈ ಮೇಲೆ ಬೆಳ್ಳಿ ಹೂಬಳ್ಳಿ. ಯಾವುದನ್ನು ಹೊರಗಿಟ್ಟಿದ್ದಾರೆ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಂಡು ಹೋಗಿ. ಮಕ್ಕಳಿಗೆ ಬಿದ್ರಿ ಬೇಡ, ನಡುವಿನ ಅಂಗಳದಲ್ಲಿರುವ ಆಳವಿಲ್ಲದ ಕೊಳ ಬೇಕು. ಬೇಸಿಗೆಯಲ್ಲಿ ಅಲ್ಲಿ ಮಕ್ಕಳು ಕಾಲು ಇಳಿಬಿಟ್ಟು ಆಡುತ್ತಿರುತ್ತಾರೆ, ಯಾರೂ ಏನೂ ಅನ್ನುವುದಿಲ್ಲ.

ಬಿಸಿಲಿದ್ದ ದಿನ ಥೇಮ್ಸ್ ದಂಡೆ. ಲ್ಯಾಂಬೆತ್ ಸೇತುವೆ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ನಮ್ಮ ಬಸವಣ್ಣನ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ಅದು ಬರಲೆಂದು ಓಡಾಡಿದವರು ಲಂಡನ್ನಿನ ಈ ಲ್ಯಾಂಬೆತ್ ಭಾಗದ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರು. ನದಿಯಾಚೆ ಬ್ರಿಟಿಷ್ ಪಾರ್ಲಿಮೆಂಟು, ಈಚೆ ಕಲ್ಯಾಣದ ಬಸವಣ್ಣ. ಅಜ್ಜ ಅಜ್ಜಿ ಬಂದಾಗ ಮೊದಲು ಇಲ್ಲಿಗೇ ಕರೆತನ್ನಿ. ಮಕ್ಕಳು ಐದು ನಿಮಿಷ ನಿಂತು ದೋಣಿ ಎಣಿಸಲು ಓಡುತ್ತಾರೆ, ಓಡಲಿ ಬಿಡಿ. ಹತ್ತಿರದ ಆರ್ಚ್‌ಬಿಷಪ್ಸ್ ಪಾರ್ಕ್‌ನಲ್ಲಿ ಜೋಕಾಲಿ, ಜಾರುಬಂಡಿ ಇವೆ. ಉಳಿದ ಹೊತ್ತು ಅಲ್ಲೇ ಕಳೆಯುತ್ತದೆ.

ರಿಚ್‌ಮಂಡ್ ಪಾರ್ಕ್‌ನಲ್ಲಿ ಜಿಂಕೆಗಳು ಬಯಲಲ್ಲೇ ತಿರುಗುತ್ತವೆ. ಕನಿಷ್ಠ 50 ಮೀಟರ್ ದೂರ ಇರಿ, ತಿನ್ನಲು ಏನೂ ಕೊಡಬೇಡಿ. ಅಕ್ಟೋಬರ್‌ನಲ್ಲಿ ಗಂಡು ಜಿಂಕೆಗಳು ಕಾದಾಡುವ ಕಾಲ, ಆಗಂತೂ ಇನ್ನೂ ಹುಷಾರು. ಆ ತಿಂಗಳ ಕೊನೇ ಭಾನುವಾರ ಇಡೀ ದೇಶದಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಸಂಜೆ ಐದಕ್ಕೆಲ್ಲ ಕತ್ತಲು. ಕಲಬುರಗಿಯ ಹಾಗೆ ಬಿಸಿಲು ಇಳಿದ ಮೇಲೆ ಹೊರಡೋಣ ಅಂದರೆ ಆಗಲ್ಲ, ಬೆಳಿಗ್ಗೆಯೇ ಹೊರಡಿ. ರಬ್ಬರ್ ಬೂಟು, ಮಳೆ ಅಂಗಿ ಹೊಸದೇ ಬೇಕಿಲ್ಲ. ದಾನ ಬಂದ ಹಳೆ ಸಾಮಾನು ಮಾರುವ ಚಾರಿಟಿ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಹೇಗೂ ಮುಂದಿನ ವರ್ಷ ಕಾಲಿಗೆ ಹಿಡಿಯುವುದಿಲ್ಲ.

ಬುತ್ತಿ ಮನೆಯಿಂದಲೇ ಕಟ್ಟಿ. ಖಡಕ್ ರೊಟ್ಟಿಯಷ್ಟು ಒಳ್ಳೆ ಪ್ರಯಾಣದ ಊಟ ಇನ್ನೊಂದಿಲ್ಲ, ಮ್ಯೂಸಿಯಂಗಳಲ್ಲಿ ತಂದದ್ದನ್ನು ಕೂತು ತಿನ್ನಲು ಜಾಗವೂ ಇರುತ್ತದೆ. ಆದರೆ ನಮ್ಮ ಅಡಿಗೆಯಲ್ಲಿ ಶೇಂಗಾ ಎಲ್ಲಿಲ್ಲ ಹೇಳಿ? ಹಿಂಡಿಯಲ್ಲಿ, ಪಲ್ಯದಲ್ಲಿ, ಹೋಳಿಗೆಯಲ್ಲಿ. ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾ ಜೀವಕ್ಕೇ ಕುತ್ತು ತರುವ ಅಲರ್ಜಿ. ಪಾರ್ಕ್‌ನಲ್ಲಿ ಪಕ್ಕದ ಮಗುವಿಗೆ ಪ್ರೀತಿಯಿಂದ ಚಿಕ್ಕಿ ಕೊಡೋದು ನಮಗೆ ಸಹಜ, ಅಲ್ಲಿ ಅವರ ತಾಯಿಯನ್ನು ಕೇಳದೆ ಏನೂ ಕೊಡಬೇಡಿ. ದೊಡ್ಡ ಸೂಟಿಯಲ್ಲಿ ಹಗಲು ಮಕ್ಕಳನ್ನು ನೋಡಿಕೊಳ್ಳುವ ಹಾಲಿಡೇ ಕ್ಲಬ್‌ಗೆ ಸೇರಿಸಿದರೆ ಹೆಚ್ಚಿನ ಕಡೆ ಡಬ್ಬಿಯಲ್ಲಿ ಶೇಂಗಾ, ಗೋಡಂಬಿ ಬೇಡ ಅನ್ನುತ್ತಾರೆ. ಎಳ್ಳಿನ ಬಗ್ಗೆಯೂ ಕೇಳಿಕೊಳ್ಳಿ. ಚಪಾತಿಗೆ ತುಪ್ಪ ಬೆಲ್ಲ ಸವರಿ ಸುತ್ತಿ ಕೊಟ್ಟರೆ ಆಯಿತು. ಶೇಂಗಾ ಹಿಂಡಿ ಸಂಜೆ ಮನೆಯಲ್ಲಿ ತಿನ್ನಲಿ.