ಹಳೇ ಮಾರುತಿ 800ರ ಪೆಟ್ರೋಲ್ ಪೈಪು ಬದಲಾಯಿಸಿದ ನನ್ನ ಅನುಭವ

ಕುಂದಾಪುರದ ಕಡೆ ಹಳೇ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಬಗ್ಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪುಗಾಳಿ, ನಾಲ್ಕು ತಿಂಗಳು ಬಿಡದ ಮಳೆ. ಬಾಗಿಲ ಕೆಳಗೆ ತುಕ್ಕು ಕಂಡರೆ ಟಿಂಕರಿಂಗ್ ಮಾಡಿಸುತ್ತೇವೆ. ಆದರೆ ಹಿಂದಿನ ಟ್ಯಾಂಕಿನಿಂದ ಎಂಜಿನ್‌ವರೆಗೆ ಕಾರಿನ ಅಡಿಯಲ್ಲಿ ಓಡುವ ಸಪೂರ ಸ್ಟೀಲ್ ಪೈಪುಗಳನ್ನು ಯಾರೂ ಬಗ್ಗಿ ನೋಡುವುದಿಲ್ಲ. ಅದರ ಎರಡು ತುದಿಯಲ್ಲಿರುವ ರಬ್ಬರ್ ಹೋಸನ್ನಂತೂ ಕೇಳುವವರೇ ಇಲ್ಲ.

ನನ್ನದು 2000ಕ್ಕಿಂತ ಮೊದಲಿನ ಮಾರುತಿ 800. ಪೆಟ್ರೋಲಿಗೆ ಗಾಳಿ ಬೆರೆಸಿಕೊಡುವ ಕಾರ್ಬುರೇಟರ್ ಇರುವ 796 ಸಿಸಿ ಎಂಜಿನ್, ಎಂಜಿನ್ನಿನ ತಿರುಗಾಟದಿಂದಲೇ ನಡೆಯುವ ಮೆಕ್ಯಾನಿಕಲ್ ಫ್ಯುಯೆಲ್ ಪಂಪು. ಬೆಳಗ್ಗೆ ಸ್ಟಾರ್ಟ್ ಮಾಡುವಾಗ ಪೆಟ್ರೋಲ್ ವಾಸನೆ ಬರುತ್ತಿತ್ತು. ಸ್ವಲ್ಪ ದೂರ ಓಡಿಸಿದ ಮೇಲೆ ಇಲ್ಲ. ಹಳೇ ಗಾಡಿ ಅಂದರೆ ಹಾಗೇ ಅಂತ ತುಂಬ ಜನ ಇಷ್ಟಕ್ಕೇ ಸುಮ್ನಾಗುತ್ತಾರೆ. ನಿಜವಾಗಿ ನಡೆಯುವುದು ಬೇರೆ. ತಣ್ಣಗಿರುವಾಗ ಹಳೇ ರಬ್ಬರ್ ಗಟ್ಟಿಯಾಗಿರುತ್ತದೆ, ಕ್ಲಿಪ್ಪಿನ ಹಿಡಿತ ಸಾಲುವುದಿಲ್ಲ, ಸಂದಿಯಲ್ಲಿ ಪೆಟ್ರೋಲ್ ಒಸರುತ್ತದೆ. ಬಿಸಿಯಾದ ಮೇಲೂ ಒಸರಬಹುದು, ಆದರೆ ತೊಟ್ಟಿಕ್ಕುವ ಮೊದಲೇ ಆವಿಯಾಗಿ ಹೋಗುತ್ತದೆ. ಹಾಗಾಗಿ ನೆಲದ ಮೇಲೆ ಒಂದು ಹನಿಯೂ ಇಲ್ಲದಿದ್ದರೂ ಬಾನೆಟ್ ಒಳಗೆ ಲೀಕ್ ಇರಬಹುದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕೆಳಗಿಳಿದು ಮೂಲೆಯಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇ 1.4ರಷ್ಟು ಸೇರಿದರೂ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ.

ಹುಡುಕುವುದಕ್ಕೆ ನಾನು ಹಳೇ ಬಿಳಿ ಪಂಚೆಯ ತುಂಡು ಬಳಸಿದೆ. ಕಾರನ್ನು ಅಂಗಳಕ್ಕೆ ತಂದು, ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಫ್ಯಾನು ಬೆಲ್ಟುಗಳಿಂದ ಕೈ ದೂರವಿಟ್ಟು, ಒಂದೊಂದು ಜಾಯಿಂಟನ್ನೂ ಬಟ್ಟೆಯಿಂದ ಒರೆಸಿ ಮೂಸಿದೆ. ಒಸರುವ ಕಡೆ ಕಂದು ಬಣ್ಣದ ಅಂಟು ಕಲೆ ಇರುತ್ತದೆ, ಅದೇ ಗುರುತು. ಹೋಸನ್ನು ಬಗ್ಗಿಸಿ ನೋಡಬೇಕು. ಮೇಲಿನಿಂದ ಚೆನ್ನಾಗಿ ಕಂಡಿದ್ದು ಬಗ್ಗಿಸಿದಾಗ ಬಿರುಕು ತೋರಿಸುತ್ತದೆ. ಎಂಜಿನ್ ಆಯಿಲ್ ಡಿಪ್‌ಸ್ಟಿಕ್ ತೆಗೆದು ಅದನ್ನೂ ಮೂಸಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಪಂಪಿನೊಳಗಿನ ಡಯಾಫ್ರಮ್ ಅನ್ನುವ ತೆಳು ಪರದೆ ಹರಿದಿರಬಹುದು, ಪೆಟ್ರೋಲ್ ಆಯಿಲಿಗೆ ಇಳಿಯುತ್ತಿರುತ್ತದೆ.

ಸಿಕ್ಕಿದ್ದೇನು ಅಂದರೆ, ಹಿಂದಿನ ಯಜಮಾನರು ಯಾವುದೋ ಕಾಲದಲ್ಲಿ ಎಲ್‌ಪಿಜಿ ಕಿಟ್ ಹಾಕಿಸಿದ್ದರು. ಆಮೇಲೆ ಸಿಲಿಂಡರು, ಕಿಟ್ಟು ಎಲ್ಲ ಬಿಚ್ಚಿಸಿದ್ದಾರೆ. ಆದರೆ ಗ್ಯಾಸಿನಲ್ಲಿ ಓಡುವಾಗ ಪೆಟ್ರೋಲ್ ನಿಲ್ಲಿಸುವ ಸೊಲೆನಾಯ್ಡ್ ವಾಲ್ವು (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವು) ಮಾತ್ರ ಪಂಪಿಗೂ ಕಾರ್ಬುರೇಟರಿಗೂ ನಡುವೆ ಹಾಗೇ ನೇತಾಡುತ್ತಿದೆ! ಒಂದೇ ಹೋಸ್ ಇರಬೇಕಾದ ಜಾಗದಲ್ಲಿ ಎರಡು ಹೋಸು, ಎರಡು ಕ್ಲಿಪ್ಪಿನ ಬದಲು ನಾಲ್ಕು, ಜೊತೆಗೆ ಫ್ಯೂಸಿಲ್ಲದ ಒಂದು ವಯರು. ನಿಮ್ಮ ಕಾರಿಗೂ ಒಂದು ಕಾಲದಲ್ಲಿ ಗ್ಯಾಸ್ ಕಿಟ್ ಇತ್ತು ಅಂತಾದರೆ ಮೊದಲು ಇದನ್ನೇ ನೋಡಿ. ಲೈನಿನಲ್ಲಿ ಜಾಯಿಂಟ್ ಎಷ್ಟು ಕಮ್ಮಿಯೋ ಅಷ್ಟು ಒಳ್ಳೆಯದು. ಪೈಪಿನ ನಡುಭಾಗ ಸೋರುವುದಕ್ಕಿಂತ ತುದಿ ಸೋರುವುದೇ ಜಾಸ್ತಿ. ಆ ವಾಲ್ವನ್ನು ಕಿತ್ತು ಹಾಕಿದೆ, ಅದರ ವಯರನ್ನೂ.

ಒಸರುತ್ತಿದ್ದ ಒಂದೇ ಹೋಸ್ ಬದಲಾಯಿಸಿ ಬಿಡಬಹುದಿತ್ತು. ಬೇಡ ಅಂದುಕೊಂಡೆ. ಎಲ್ಲ ಹೋಸಿಗೂ ಒಂದೇ ವಯಸ್ಸು, ಒಂದು ಹೋದರೆ ಉಳಿದವೂ ಸಾಲಿನಲ್ಲಿ ನಿಂತಿರುತ್ತವೆ. ಪಂಪಿಗೆ ಬರುವುದು, ಕಾರ್ಬುರೇಟರಿಗೆ ಹೋಗುವುದು, ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಲೈನಿನದು, ಟ್ಯಾಂಕಿನ ಮೇಲಿನವು, ಎಲ್ಲ ಒಟ್ಟಿಗೇ. ರಿಟರ್ನ್ ಲೈನನ್ನು ಮೆಕ್ಯಾನಿಕ್‌ಗಳು ಲೆಕ್ಕಕ್ಕೇ ಇಡುವುದಿಲ್ಲ. ಅದರಲ್ಲೂ ಹರಿಯುವುದು ಪೆಟ್ರೋಲೇ ಅಲ್ವಾ? ಅದು ಕಟ್ಟಿಕೊಂಡರೆ ಒತ್ತಡ ಏರಿ ಕಾರ್ಬುರೇಟರ್ ಉಕ್ಕುವುದೂ ಉಂಟು. ಪೆಟ್ರೋಲ್ ಹಾಕುವ ಬಾಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರನ್ನೂ ಮರೆಯಬೇಡಿ. ಟ್ಯಾಂಕ್ ಫುಲ್ ಮಾಡಿಸಿದ ದಿನ ಮಾತ್ರ ಹಿಂದುಗಡೆ ವಾಸನೆ ಬಂದರೆ ಮೊದಲ ಅನುಮಾನ ಅದರ ಮೇಲೆ.

ಹೋಸ್ ತರಲು ಅಂಗಡಿಗೆ ಹೋದೆ. ಮೇಲೆ ಎಸ್‌ಎಇ ಜೆ30 ಆರ್9 ಅಂತ, ಅಂದರೆ ಪೆಟ್ರೋಲ್ ಹೋಸಿನ ಗುಣಮಟ್ಟದ ಗುರುತು, ಪ್ರಿಂಟ್ ಇರುವುದು ಕೊಡಿ ಅಂದೆ. ಅಂಗಡಿಯವರು ನಕ್ಕರು. "ಎಂತ ಮಾರಾಯ್ರೇ, ಎಲ್ಲ ಕಪ್ಪೇ ಅಲ್ವಾ? ಮೀಟರ್ ಲೆಕ್ಕದಲ್ಲಿ ಇದು ಕೊಡ್ತೇನೆ, ತಕೊಂಡು ಹೋಗಿ." ಎಲ್ಲ ಕಪ್ಪು ಹೌದು, ಒಳಗಿನ ಪದರ ಬೇರೆ. ಆರ್9ರ ಒಳಗೆ ಎಥನಾಲ್ ತಡೆಯುವ ಫ್ಲೋರೋ ರಬ್ಬರ್ ಇರುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಇ20 ಪೆಟ್ರೋಲ್ ಬಿಡುಗಡೆಯಾಯಿತಲ್ಲ, ಅದರಲ್ಲಿ ಶೇ 20ರಷ್ಟು ಎಥನಾಲ್. ನಮ್ಮ ಕಾರು ತಯಾರಾದಾಗ ಇಂಥ ಪೆಟ್ರೋಲ್ ಇರಲಿಲ್ಲ. ಎಥನಾಲ್ ಹಳೇ ರಬ್ಬರನ್ನು ಊದಿಸುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಟ್ಯಾಂಕಿನ ತಳದಲ್ಲಿ ಕೂತಿದ್ದ ಕೊಳೆಯನ್ನೂ ಎಬ್ಬಿಸುತ್ತದೆ. ಅದಕ್ಕೇ ಫಿಲ್ಟರನ್ನೂ ಹೊಸದು ಹಾಕಿದೆ, ಬಾಣದ ಗುರುತು ಎಂಜಿನ್ ಕಡೆಗೆ. ಬೈಕಿಗೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬನ್ನು ಕಾರಿನ ಬಾನೆಟ್ ಒಳಗೆ ಯಾವತ್ತೂ ಹಾಕಬೇಡಿ. ಬಿಸಿಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಪೈಪಿನ ಬಾಯಿಂದ ಜಾರುತ್ತದೆ.

ಅಳತೆಯೂ ಮುಖ್ಯ. ಪೈಪಿನ ತುದಿಯನ್ನು ವರ್ನಿಯರ್ (ಸಣ್ಣ ಅಳತೆ ತೆಗೆಯುವ ಸಾಧನ) ಹಿಡಿದು ಅಳೆದು ಹೋಸ್ ತನ್ನಿ. ಕಾಲು ಇಂಚಿನ ಹೋಸ್ ಅಂದರೆ 6.35 ಮಿಲಿಮೀಟರ್. ಅದನ್ನು 6 ಮಿಲಿಮೀಟರ್ ಪೈಪಿಗೆ ಹಾಕಿ ಕ್ಲಿಪ್ ಬಿಗಿದು ಸರಿಮಾಡುವವರಿದ್ದಾರೆ. ಇವತ್ತು ನಿಲ್ಲುತ್ತದೆ, ರಬ್ಬರ್ ಕೂತ ಮೇಲೆ ಒಸರುತ್ತದೆ. ಕ್ಲಿಪ್ಪು ಸಹ ಒಳಮೈ ನುಣುಪಾಗಿರುವುದೇ ಬೇಕು. ಹಲ್ಲು ಕೊರೆದ ಸಾದಾ ಸ್ಕ್ರೂ ಕ್ಲಿಪ್ಪು ಬಿಗಿದಷ್ಟೂ ರಬ್ಬರನ್ನು ಕತ್ತರಿಸುತ್ತದೆ.

ಕೆಲಸ ಮಾಡುವ ದಿನ ಟ್ಯಾಂಕಿನಲ್ಲಿ ಪೆಟ್ರೋಲ್ ಕಮ್ಮಿ ಇರುವಂತೆ ನೋಡಿಕೊಂಡೆ. ಎಂಜಿನ್ ಪೂರ್ತಿ ತಣ್ಣಗಾಗಬೇಕು. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ಶೆಡ್ಡಿನಲ್ಲಿ ಅಲ್ಲ, ಬಯಲಲ್ಲೇ ಮಾಡಬೇಕು. ಬೆಳಕಿಗೆ ಬಲ್ಬಿನ ಹ್ಯಾಂಡ್ ಲ್ಯಾಂಪ್ ಬೇಡ, ಒಡೆದರೆ ಕಥೆ ಮುಗಿಯಿತು. ಹಳೇ ಹೋಸನ್ನು ಎಳೆದು ಕೀಳದೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದೆ. ಎಳೆದರೆ ಪಂಪಿನ ಮೂತಿಯೇ ಸಡಿಲವಾಗಬಹುದು. ಹೊಸದನ್ನು ಪೈಪಿನ ಉಬ್ಬು ದಾಟುವಷ್ಟು ಒಳಗೆ ತಳ್ಳಿ, ಉಬ್ಬಿನ ಹಿಂದೆ ಕ್ಲಿಪ್ ಕೂರಿಸಿದೆ. ಓಡುವಾಗ ಎಂಜಿನ್ ಅಲ್ಲಾಡುತ್ತದೆ, ಆದ್ದರಿಂದ ಹೋಸಿಗೆ ಸ್ವಲ್ಪ ಸಡಿಲ ಬಿಡಬೇಕು. ಆದರೆ ಎಗ್ಸಾಸ್ಟಿನ ಹತ್ತಿರ ಜೋತು ಬೀಳಬಾರದು. ಪ್ಲಗ್ ವಯರಿನ ಜೊತೆ ಸೇರಿಸಿ ಟೈ ಕಟ್ಟುವ ಅಭ್ಯಾಸ ಕೆಲವರಿಗಿದೆ, ದಯವಿಟ್ಟು ಬೇಡ.

ಅಡಿಯಲ್ಲಿ ಸ್ಟೀಲ್ ಪೈಪನ್ನು ಬ್ರಶ್ ಹಾಕಿ ಉಜ್ಜಿದಾಗ ಹಿಂದಿನ ಚಕ್ರದ ಹತ್ತಿರ ಪದರ ಪದರವಾಗಿ ಎದ್ದಿತು. ಕ್ಲಾಂಪು ಹಿಡಿದ ಜಾಗದಲ್ಲೇ ಹೀಗೆ, ಅಲ್ಲಿ ಕೆಸರು ನೀರು ನಿಲ್ಲುತ್ತದೆ. ಕೊಳೆತಷ್ಟೇ ಭಾಗ ಕತ್ತರಿಸಿ ರಬ್ಬರ್ ತುಂಡು ಸೇರಿಸಿ ಕೊಡುತ್ತೇನೆ ಅಂತ ಒಬ್ಬರು ಹೇಳಿದರು. ಮತ್ತೆ ಎರಡು ಜಾಯಿಂಟು, ಅದೂ ಕಲ್ಲು ಸಿಡಿಯುವ ಜಾಗದಲ್ಲಿ. ತಾಮ್ರದ ಪೈಪ್ ಹಾಕಿ ಅಂದವರೂ ಇದ್ದರು. ಬಗ್ಗಿಸುವುದು ಸುಲಭ ನಿಜ, ಆದರೆ ತಾಮ್ರ ನಡುಕಕ್ಕೆ ಗಡುಸಾಗಿ ಬಿರಿಯುತ್ತದೆ. ಪೆಟ್ರೋಲಿನಲ್ಲಿ ಅಂಟು ಕಟ್ಟುವುದೂ ಜಾಸ್ತಿಯಾಗುತ್ತದೆ. ಕೊನೆಗೆ ಬಂಡಿ ಟ್ಯೂಬ್ ಅನ್ನುವ ಎರಡು ಪದರದ ಸ್ಟೀಲ್ ಪೈಪಿನಲ್ಲೇ ಪೂರ್ತಿ ಉದ್ದದ ಪೈಪ್ ಮಾಡಿಸಿದೆ. ಹಳೆಯದನ್ನು ಮಾದರಿಗೆ ಇಟ್ಟು ಬಗ್ಗಿಸಿ, ತುದಿಗೆ ಹೋಸ್ ಜಾರದಂತೆ ಉಬ್ಬು ಹೊಡೆಸಿ, ಪೇಂಟ್ ಬಳಿದು, ಕ್ಲಾಂಪಿನ ಒಳಗೆ ರಬ್ಬರ್ ಇಟ್ಟು ಹಿಡಿಸಿದೆ.

ಇದೇ ಹೊತ್ತಿಗೆ ಪಂಪನ್ನು ಎಲೆಕ್ಟ್ರಿಕ್ ಮಾಡಿಸಿ ಅಂತ ಸಲಹೆ ಬಂತು. ನಾನು ಒಪ್ಪಲಿಲ್ಲ. ಮೆಕ್ಯಾನಿಕಲ್ ಪಂಪು ಎಂಜಿನ್ ನಿಂತ ಕೂಡಲೇ ನಿಲ್ಲುತ್ತದೆ. ಎಲೆಕ್ಟ್ರಿಕ್ ಪಂಪಿಗೆ ಸರಿಯಾದ ಕಟ್-ಆಫ್ ಇಲ್ಲದಿದ್ದರೆ, ಆಕ್ಸಿಡೆಂಟ್ ಆಗಿ ಹೋಸ್ ಕಿತ್ತು ಬಂದರೂ ಅದು ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ.

ಇನ್ನು ಕಿಡಿಯ ಕಡೆ. ಹಾರ್ನು, ಫಾಗ್ ಲ್ಯಾಂಪ್, ಸ್ಪೀಕರು ಅಂತ ಬ್ಯಾಟರಿಯಿಂದ ನೇರ ಎಳೆದ ವಯರುಗಳಿಗೆಲ್ಲ ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿದೆ. ಎಂಜಿನ್ನಿನ ಅರ್ತ್ ವಯರು ಹಸಿರುಗಟ್ಟಿತ್ತು, ಹೊಸದಾಯಿತು. ಇಲಿ ಕಡಿದ ವಯರಿಗೆ ಬರೀ ಟೇಪ್ ಸುತ್ತದೆ ಆ ಭಾಗವನ್ನೇ ಬದಲಿಸಿ. ಇಲಿ ಹೋಸನ್ನೂ ಬಿಡುವುದಿಲ್ಲ. ಮಳೆಗಾಲದಲ್ಲಿ ಕಾರು ಹೆಚ್ಚು ದಿನ ನಿಂತರೆ ಬಾನೆಟ್ ತೆಗೆದು ನೋಡದೆ ಸ್ಟಾರ್ಟ್ ಮಾಡಬೇಡಿ. ಏರ್ ಫಿಲ್ಟರ್ ಡಬ್ಬ ಬಿಚ್ಚಿಟ್ಟು ಓಡಿಸುವುದೂ ಬೇಡ. ಕಾರ್ಬುರೇಟರ್ ಒಮ್ಮೆ ಹಿಂದಕ್ಕೆ ಉಗುಳಿದರೆ ಆ ಬೆಂಕಿ ಹೊರಗೆ ಬಾರದ ಹಾಗೆ ತಡೆಯುವುದು ಅದೇ ಡಬ್ಬ.

ಬೆಂಕಿ ಆರಿಸುವ ಒಂದು ಕೇಜಿಯ ಎಬಿಸಿ ಪೌಡರ್ ಸಿಲಿಂಡರನ್ನು ಡ್ರೈವರ್ ಸೀಟಿನ ಹತ್ತಿರ, ಪೆಡಲಿನಡಿ ಉರುಳದಂತೆ ಬಿಗಿದಿದ್ದೇನೆ. ಡಿಕ್ಕಿಯಲ್ಲಿಟ್ಟರೆ ಸಾಮಾನಿನ ಅಡಿಯಿಂದ ತೆಗೆಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಬಾನೆಟ್ಟಿನಿಂದ ಹೊಗೆ ಬಂದರೆ ಇಗ್ನಿಷನ್ ಆಫ್, ಎಲ್ಲರೂ ಕೆಳಗೆ, ದೂರ. ಒಳಗಿನ ಲಿವರ್ ಎಳೆಯಿರಿ, ಆದರೆ ಬಾನೆಟ್ಟನ್ನು ಪೂರ್ತಿ ಎತ್ತಬೇಡಿ, ಗಾಳಿ ನುಗ್ಗಿ ಬೆಂಕಿ ಭುಗ್ಗೆನ್ನುತ್ತದೆ. ಸಂದಿಯಿಂದಲೇ ಬುಡಕ್ಕೆ ಪೌಡರ್ ಹೊಡೆಯಿರಿ. ನೀರು ಹೊಯ್ದರೆ ಪೆಟ್ರೋಲ್ ಅದರ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ. ಒಂದು ಕೇಜಿ ಸಿಲಿಂಡರ್ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ಅಷ್ಟರಲ್ಲಿ ಆರಲಿಲ್ಲ ಅಂದರೆ ಕಾರು ಬಿಟ್ಟು ದೂರ ಹೋಗಿ 112ಕ್ಕೆ ಫೋನ್ ಮಾಡಿ.