ಪಾರ್ಕಿನ್ಸನ್ ಇದ್ದವರು ಹೊಸ್ತಿಲು ದಾಟುವುದು ಹೇಗೆ?

ಪಾರ್ಕಿನ್ಸನ್ ಕಾಯಿಲೆ ಇರುವವರನ್ನು ನಡೆಸುವಾಗ ಮನೆಯವರು ಮಾಡುವ ತಪ್ಪು ಎಲ್ಲ ಮನೆಯಲ್ಲೂ ಒಂದೇ. ಕಾಲು ನೆಲಕ್ಕೆ ಮೊಳೆ ಹೊಡೆದಂತೆ ನಿಂತುಬಿಟ್ಟ ಕೂಡಲೇ ಎದುರಿಗೆ ಹೋಗಿ ಎರಡೂ ಕೈ ಹಿಡಿದು ಎಳೆಯುತ್ತಾರೆ. ‘ಬೇಗ ಬನ್ನಿ ಅಪ್ಪಯ್ಯ, ಬಸ್ಸು ಬಂತು’ ಎಂಬ ಅವಸರ ಬೇರೆ. ಎಳೆದರೆ ಮೈ ಮುಂದೆ ಬರುತ್ತದೆ, ಪಾದ ಇದ್ದಲ್ಲೇ ಇರುತ್ತದೆ. ಮುಗ್ಗರಿಸುವುದು ಆಗಲೇ. ಮಲೆನಾಡಿನ ಹಳೇ ಮನೆಗಳಲ್ಲಂತೂ ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಮೂರು ನಾಲ್ಕು ಹೊಸ್ತಿಲು, ಕಿರಿದಾದ ಬಾಗಿಲು, ಮಳೆಗಾಲದಲ್ಲಿ ಬೆವರುವ ಕಾವಿ ನೆಲ.

ಹೊಸ್ತಿಲಿನ ವಿಷಯವನ್ನು ವಿವರವಾಗಿಯೇ ಹೇಳಬೇಕು. ಅದಕ್ಕೆ ಮೊದಲು ಮಾತ್ರೆ ಸರಿಯಾಗಬೇಕು. ಮಾತ್ರೆಯ ಹೊತ್ತು ತಪ್ಪಿದ ದಿನ ಯಾವ ಉಪಾಯವೂ ಅರ್ಧಕ್ಕರ್ಧ ಕೆಲಸ ಮಾಡುವುದಿಲ್ಲ.

ಮಾತ್ರೆಯ ಹೊತ್ತು

ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಕೋಶಗಳು ಕ್ಷೀಣಿಸುವುದರಿಂದ ಬರುವ ಕಾಯಿಲೆ ಇದು. ಹೆಚ್ಚಿನವರಿಗೆ ಕೊಡುವ ಮುಖ್ಯ ಔಷಧಿ ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆ. ಲೆವೊಡೋಪಾ ಮಿದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಅದು ದಾರಿಯಲ್ಲೇ ಖರ್ಚಾಗದಂತೆ ಕಾರ್ಬಿಡೋಪಾ ತಡೆಯುತ್ತದೆ.

ಬೆಳಿಗ್ಗೆ ಹಾಲು ಹಾಕಿದ ಕಾಫಿಯ ಜೊತೆಗೋ ಕಷಾಯದ ಜೊತೆಗೋ ಈ ಮಾತ್ರೆ ನುಂಗುವ ರೂಢಿ ನಮ್ಮಲ್ಲಿ ಬಹಳ. ಅದನ್ನು ಬಿಡಿ. ಹಾಲು, ಬೇಳೆ, ಮೊಟ್ಟೆ, ಮೀನಿನಲ್ಲಿರುವ ಪ್ರೋಟೀನು ಕರುಳಿನಲ್ಲೂ ಮಿದುಳಿನ ಬಾಗಿಲಲ್ಲೂ ಲೆವೊಡೋಪಾದ ಜೊತೆ ಪೈಪೋಟಿ ನಡೆಸುತ್ತದೆ. ಊಟ ತಿಂಡಿಗೆ ಅರ್ಧ ಗಂಟೆ ಮೊದಲು, ಇಲ್ಲವೇ ಊಟವಾಗಿ ಒಂದೂವರೆ ಗಂಟೆಯ ನಂತರ, ತುಂಬಿದ ಲೋಟ ನೀರಿನ ಜೊತೆ ನುಂಗಿ. ಹೊಟ್ಟೆ ತೊಳಸಿದರೆ ಒಂದು ಬಾಳೆಹಣ್ಣು ಅಥವಾ ಒಣ ಅಕ್ಕಿರೊಟ್ಟಿಯ ಚೂರು ಸಾಕು. ರಕ್ತಹೀನತೆಗೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರು ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಬೇಕು. ಹಾಗಂತ ಬೇಳೆ, ಮೀನು ಪೂರ್ತಿ ನಿಲ್ಲಿಸುವುದು ತಪ್ಪು, ಮೈ ಸೊರಗುತ್ತದೆ. ಹಗಲು ಮಾತ್ರೆ ಹಿಡಿಯುತ್ತಿಲ್ಲ, ಅಂದರೆ ಕೆಲಸ ಮಾಡುತ್ತಿಲ್ಲ ಅನ್ನಿಸಿದವರು ವೈದ್ಯರಿಗೆ ಹೇಳಿ, ಪ್ರೋಟೀನಿನ ಹೆಚ್ಚಿನ ಪಾಲನ್ನು ರಾತ್ರಿ ಊಟಕ್ಕೆ ಸಾಗಿಸಬಹುದು.

ಅಂಗಡಿಯಲ್ಲಿ ಸ್ಟ್ರಿಪ್ಪಿನ ಹೆಸರು ಓದಿದರೆ ಸಾಲದು, ಅಂಕಿ ಅಕ್ಷರ ಎರಡನ್ನೂ ಓದಿ. 110 ಎಂದು ಬರೆದಿದ್ದರೆ ಲೆವೊಡೋಪಾ 100, ಕಾರ್ಬಿಡೋಪಾ 10 ಮಿಲಿಗ್ರಾಂ. 125 ಆದರೆ 100 ಮತ್ತು 25. ಪಕ್ಕದಲ್ಲಿ ಸಿ.ಆರ್. ಎಂದಿದ್ದರೆ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ. ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ‘ಎಲ್ಲಾ ಒಂದೇ ಕಣ್ರೀ’ ಎಂದು ಬೇರೆಯದನ್ನು ಕೊಟ್ಟರೆ ವಾಪಸ್ ಕೊಡಿ.

ಇನ್ನು ನಸುಗುನ್ನಿ. ಬೇಲಿಯಲ್ಲಿ ಬೆಳೆಯುವ, ಮುಟ್ಟಿದರೆ ಮೈಯೆಲ್ಲ ತುರಿಸುವ ಆ ಬಳ್ಳಿಯ ಬೀಜದಲ್ಲಿ ನಿಜವಾಗಿಯೂ ಲೆವೊಡೋಪಾ ಇದೆ. ತೊಂದರೆ ಇರುವುದೂ ಅಲ್ಲೇ. ಒಂದು ಚಮಚ ಪುಡಿಯಲ್ಲಿ ಎಷ್ಟಿದೆ ಎಂದು ಯಾರಿಗೂ ಹೇಳಲು ಬರುವುದಿಲ್ಲ. ಮಾತ್ರೆಯ ಮೇಲೆ ಅದನ್ನೂ ತಿಂದರೆ ಕೈಕಾಲು ತಾನಾಗಿ ಹೊರಳಾಡಬಹುದು, ಬಿ.ಪಿ. ಇಳಿಯಬಹುದು. ತಿನ್ನುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ. ‘ನಡುಕ ಬುಡಸಮೇತ ವಾಸಿ’ ಎಂದು ಡಬ್ಬಿ ಮಾರುವವರ ಕಡೆ ತಿರುಗಿಯೂ ನೋಡಬೇಡಿ.

ಹಾಸಿಗೆ ಬಿಟ್ಟು ಏಳುವುದು

ಮಳೆಗಾಲದ ದಪ್ಪ ಕಂಬಳಿ ಇವರಿಗೆ ಶತ್ರು. ಉಣ್ಣೆ ಹತ್ತಿಬಟ್ಟೆಗೆ ಕಚ್ಚಿಕೊಂಡು ಮಗ್ಗುಲು ಬದಲಿಸಲು ಬಿಡುವುದಿಲ್ಲ. ಹಗುರವಾದ ರಜಾಯಿ ಹೊದೆಸಿ, ಸೊಂಟದ ಕೆಳಗೆ ಹಳೇ ರೇಷ್ಮೆ ಸೀರೆಯ ತುಂಡು ಹಾಸಿ, ಜಾರಿ ತಿರುಗಬಹುದು. ಮಂಚದ ಅಂಚಿನವರೆಗೆ ಮಾತ್ರ ಹಾಸಬೇಡಿ, ಅಲ್ಲಿಂದ ಕೆಳಗೇ ಜಾರುತ್ತಾರೆ.

ಮೊಣಕಾಲು ಮಡಚಿ ಪಾದ ಊರಿ, ಮೊಣಕಾಲನ್ನು ಒಂದು ಪಕ್ಕಕ್ಕೆ ಬೀಳಿಸಿ, ಮೈ ಹಿಂದೆಯೇ ತಿರುಗುತ್ತದೆ, ಕಾಲು ಕೆಳಗಿಳಿಸಿ ಮೊಣಕೈ ಊರಿ ಕುಳಿತುಕೊಳ್ಳಿ. ಕುಳಿತ ಮೇಲೆ ಎರಡು ನಿಮಿಷ ಅಲ್ಲೇ ಇರಬೇಕು. ಪಾದದ ಗಿಣ್ಣನ್ನು ಮೇಲೆ ಕೆಳಗೆ ಆಡಿಸಿ, ಒಂದು ಲೋಟ ನೀರು ಕುಡಿದು ಏಳಬೇಕು. ಈ ಕಾಯಿಲೆಯಲ್ಲೂ ಇದರ ಔಷಧಿಯಲ್ಲೂ ಎದ್ದು ನಿಂತಾಗ ಬಿ.ಪಿ. ದಿಢೀರನೆ ಇಳಿಯುವುದುಂಟು.

ಜಗಲಿಯ ಆರಾಮ ಕುರ್ಚಿ ಬೇಡ. ಒಳಗೆ ಹೂತರೆ ಮೇಲೆ ಬರುವುದು ಕಷ್ಟ. ಕೈ ಇರುವ, ಸುಮಾರು 18ರಿಂದ 20 ಇಂಚು ಎತ್ತರದ ಮರದ ಕುರ್ಚಿ ಇರಲಿ.

ಹೊಸ್ತಿಲು

ಮೊದಲು ಒಂದು ತಪ್ಪು ತಿಳಿವಳಿಕೆ. ಕಾಲು ನಿಲ್ಲುವುದಕ್ಕೆ ಹೊಸ್ತಿಲ ಎತ್ತರವೇ ಕಾರಣ ಎಂದುಕೊಂಡು ಬಡಗಿಯನ್ನು ಕರೆಸಿ ಕೆತ್ತಿಸಿಬಿಡುತ್ತಾರೆ. ಕಾಲನ್ನು ನಿಲ್ಲಿಸುವುದು ಹೆಚ್ಚಾಗಿ ಬಾಗಿಲಿನ ಕಿರಿದು ಜಾಗ, ತಿರುವು, ಕತ್ತಲೆ ಮತ್ತು ಅವಸರ. ಸಮತಟ್ಟು ನೆಲದಲ್ಲಿ ಹೆಜ್ಜೆ ಕಿತ್ತಿಡಲಾರದವರು ಮೆಟ್ಟಿಲನ್ನು ಸಲೀಸಾಗಿ ಹತ್ತುವುದನ್ನು ನೋಡಿರುತ್ತೀರಿ. ತಾನಾಗಿ ನಡೆಯುವ ವ್ಯವಸ್ಥೆ ಮಿದುಳಿನಲ್ಲಿ ಕೆಟ್ಟಿರುತ್ತದೆ. ಕಣ್ಣಿಗೆ ಒಂದು ಗುರುತು ಸಿಕ್ಕಿ ‘ಇದನ್ನು ದಾಟಬೇಕು’ ಎಂದು ಮನಸ್ಸಿಟ್ಟು ಎತ್ತಿದ ಕಾಲು ಬೇರೆ ದಾರಿಯಿಂದ ಕೆಲಸ ಮಾಡುತ್ತದೆ. ಚೆನ್ನಾಗಿ ಕಾಣುವ ಹೊಸ್ತಿಲೂ ಅಂಥ ಒಂದು ಗುರುತೇ. ಆದರೆ ಕತ್ತಲಲ್ಲಿ ನೆಲದ ಬಣ್ಣದಲ್ಲೇ ಬೆರೆತುಹೋದ ಹೊಸ್ತಿಲು ಎಡವುಗಲ್ಲು.

ಆದ್ದರಿಂದ ನೆಲದ ಮೇಲೆ ಗೆರೆ ಎಳೆಯಿರಿ. ಕಾವಿ ನೆಲವಾದರೆ ಬಿಳಿ, ಬಿಳಿ ಟೈಲ್ಸ್ ಆದರೆ ಕಡುಗೆಂಪು. ಗೆರೆ ನಡೆಯುವ ದಾರಿಗೆ ಅಡ್ಡಲಾಗಿರಬೇಕು, ಒಂದರಿಂದ ಎರಡು ಇಂಚು ದಪ್ಪ, ಬಾಗಿಲಿನಷ್ಟು ಅಗಲ. ಗೆರೆಯಿಂದ ಗೆರೆಗೆ ಸುಮಾರು ಒಂದು ಮೊಳ. ಅವರು ಚೆನ್ನಾಗಿ ನಡೆಯುವ ಹೊತ್ತಿನ ಹೆಜ್ಜೆ ನೋಡಿಕೊಂಡು ಎರಡು ಬೆರಳು ಹೆಚ್ಚುಕಡಿಮೆ ಮಾಡಿ. ಬಾಗಿಲಿಗೆ ಮೊದಲು ನಾಲ್ಕು ಗೆರೆ ಇರಲಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಹೊಸ್ತಿಲು ದಾಟಿದ ಮೇಲೂ ಮೂರು ಗೆರೆ ಬೇಕು. ಇಲ್ಲದಿದ್ದರೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ನಿಂತುಬಿಡುತ್ತಾರೆ, ಬೀಳಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಹೊಸ್ತಿಲ ಮೇಲಂಚಿಗೂ ಅದೇ ಬಣ್ಣದ ಪಟ್ಟಿ ಬಳಿಯಿರಿ.

ವಯರಿಂಗ್ ಟೇಪು ಬೇಡ, ಜೂನ್ ತಿಂಗಳ ತೇವಕ್ಕೆ ಅಂಚು ಎದ್ದು ಕಾಲಿಗೆ ಸಿಗುತ್ತದೆ. ರಂಗೋಲಿ ಒಂದು ದಿನಕ್ಕೆ ಅಳಿಸುತ್ತದೆ. ಬಟ್ಟೆ ಪಟ್ಟಿ, ಕಾಲೊರಸು ಇಡಲೇಬಾರದು. ಬೇಸಿಗೆಯಲ್ಲಿ ನೆಲ ಒಣಗಿದಾಗ ಎನಾಮೆಲ್ ಪೇಂಟಿನಿಂದ ಬಳಿದರೆ ಬಾಳುತ್ತದೆ. ಒದ್ದೆಯಾದರೆ ಜಾರದಿರಲು ಹಸಿ ಪೇಂಟಿನ ಮೇಲೆ ಜರಡಿ ಹಿಡಿದ ಸಣ್ಣ ಮರಳು ಉದುರಿಸಿ.

ಗೆರೆ ಇದ್ದೂ ಕಾಲು ನಿಂತಿತು ಅನ್ನಿ. ಆಗ ಹಿಡಿದವರು ಮೊದಲು ಕೈ ಸಡಿಲಿಸಬೇಕು. ಎದುರಿಗೆ ನಿಲ್ಲಬೇಡಿ, ಬಾಗಿಲು ಇನ್ನಷ್ಟು ಕಿರಿದಾಗುತ್ತದೆ. ಪಕ್ಕದಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಂತು ಬೆನ್ನ ಹಿಂದೆ ಒಂದು ಕೈ ಸಿದ್ಧವಾಗಿರಲಿ. ನಿಂತವರು ಹೆಜ್ಜೆ ಇಡುವ ಹೋರಾಟ ಬಿಟ್ಟು ಪೂರ್ತಿ ನಿಲ್ಲಬೇಕು. ಬೆನ್ನು ನೆಟ್ಟಗೆ, ಎರಡೂ ಹಿಮ್ಮಡಿ ನೆಲಕ್ಕೆ, ಪಾದಗಳ ನಡುವೆ ಒಂದು ಗೇಣು. ಕಾಲು ನಿಂತಾಗ ಮೈ ಮುಂದಕ್ಕೆ ವಾಲಿ ಭಾರವೆಲ್ಲ ಬೆರಳ ತುದಿಗೆ ಬಂದಿರುತ್ತದೆ; ಹಿಮ್ಮಡಿ ನೆಲಕ್ಕೆ ತಾಗದೆ ಮುಂದಿನದು ಯಾವುದೂ ಆಗುವುದಿಲ್ಲ. ನಂತರ ಭಾರವನ್ನು ಎಡಗಾಲಿಗೆ, ಬಲಗಾಲಿಗೆ, ಮತ್ತೆ ಎಡಗಾಲಿಗೆ ನಿಧಾನವಾಗಿ ಬದಲಿಸಬೇಕು. ಎಡಗಾಲ ಮೇಲೆ ಭಾರ ಬಿದ್ದ ಕ್ಷಣ ಬಲಗಾಲು ಹಗುರ. ಆಗ ‘ಒಂದು, ಎರಡು, ಹೂಂ’ ಎಂದು ಬಲಗಾಲನ್ನು ಮೇಲೆತ್ತಿ ದೊಡ್ಡ ಹೆಜ್ಜೆ, ಹಿಮ್ಮಡಿ ಮೊದಲು ಊರುವಂತೆ. ಮೊದಲ ಹೆಜ್ಜೆಗೆ ದಿನಾ ಅದೇ ಕಾಲು ಇರಲಿ, ಆಯ್ಕೆ ಮಾಡುತ್ತ ನಿಂತರೆ ಮತ್ತೆ ಕಟ್ಟಿಹಾಕಿದಂತಾಗುತ್ತದೆ.

ಬಗ್ಗದಿದ್ದರೆ ಪಕ್ಕದವರು ತಮ್ಮ ಪಾದವನ್ನು ಅವರ ಕಾಲಿನ ಮುಂದೆ ಅಡ್ಡವಾಗಿ ಇಟ್ಟು ‘ನನ್ನ ಕಾಲು ದಾಟಿ’ ಎನ್ನಬಹುದು. ಕಾಲು ಎತ್ತಿದ ಕೂಡಲೇ ನಿಮ್ಮ ಪಾದ ಹಿಂದಕ್ಕೆ ಬರಬೇಕು. ತಾಳವೂ ಚೆನ್ನಾಗಿ ಕೆಲಸ ಮಾಡುತ್ತದೆ. ಭಜನೆ ಗೊತ್ತಿದ್ದವರಿಗೆ ಭಜನೆಯ ಚಪ್ಪಾಳೆ, ಯಕ್ಷಗಾನದ ಹುಚ್ಚಿದ್ದವರಿಗೆ ಮದ್ದಳೆಯ ಬಾಯಿತಾಳ, ಯಾವುದೂ ಬೇಡದವರಿಗೆ ಮೊಬೈಲಿನಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮ್. ಮೊದಲ ಹೆಜ್ಜೆ ಬಿದ್ದ ಮೇಲೂ ತಾಳ ನಿಲ್ಲಿಸಬೇಡಿ.

ದಾಟುವಾಗ ಮಾತಾಡಿಸಬೇಡಿ, ಕೈಗೆ ಲೋಟ ತಟ್ಟೆ ಕೊಡಬೇಡಿ. ಎರಡು ಕೆಲಸ ಒಟ್ಟಿಗೆ ಬಂದರೆ ಕಾಲಿನ ಕೆಲಸ ನಿಲ್ಲುತ್ತದೆ. ತಿರುಗುವಾಗ ನಿಂತಲ್ಲೇ ಗಿರಕಿ ಹೊಡೆಯದೆ, ಜಾಗವಿದ್ದರೆ ಅರ್ಧಚಂದ್ರದಂತೆ ಸುತ್ತು ಹಾಕಿ ನಡೆಯಬೇಕು.

ನಾಲ್ಕು ಕಾಲಿನ, ಎತ್ತಿ ಎತ್ತಿ ಇಡುವ ಅಲ್ಯುಮಿನಿಯಂ ವಾಕರ್ ಕೊಳ್ಳಬೇಡಿ. ಎತ್ತಿದಾಗಲೆಲ್ಲ ನಡಿಗೆಯ ಲಯ ಮುರಿಯುತ್ತದೆ, ಹಿಂದಕ್ಕೆ ವಾಲುವವರು ವಾಕರ್ ಸಮೇತ ಬೀಳುತ್ತಾರೆ. ಫಿಸಿಯೋಥೆರಪಿಯವರಿಗೆ ತೋರಿಸದೆ ಯಾವ ವಾಕರನ್ನೂ ತರಬೇಡಿ. ಹವಾಯಿ ಚಪ್ಪಲಿಯೂ ಬೇಡ, ಹಿಮ್ಮಡಿಗೆ ಪಟ್ಟಿ ಇರುವ ವೆಲ್ಕ್ರೋ ಸ್ಯಾಂಡಲ್ ಬೇಕು. ಅಂಗಳದ ಪಾಚಿಯನ್ನು ಮಳೆ ಹಿಡಿಯುವ ಮೊದಲು ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿಸಿ. ತೋಟದ ಅಡಕೆ ದಬ್ಬೆಯ ಸಂಕ (ಕಾಲುಸೇತುವೆ) ಮಾತ್ರ ಇನ್ನು ಇವರಿಗೆ ಬೇಡವೇ ಬೇಡ.

ಬಚ್ಚಲು, ಬಟ್ಟೆ, ಊಟ

ಸ್ನಾನವನ್ನು ಮಾತ್ರೆ ಹಿಡಿದ ಹೊತ್ತಿಗೆ ಇಟ್ಟುಕೊಳ್ಳಿ. ಹಂಡೆಯಿಂದ ಬಿಸಿನೀರು ತೋಡುವ ಕೆಲಸ ಬೇರೆಯವರದ್ದು. ಬಕೆಟ್ಟನ್ನು ನೆಲದ ಮೇಲಲ್ಲ, ಸ್ಟೂಲಿನ ಮೇಲೆ ಇಡಿ, ಬಗ್ಗುವುದು ತಪ್ಪುತ್ತದೆ. ಕೂರಲು ರಬ್ಬರ್ ಬೂಚಿನ ಗಟ್ಟಿ ಸ್ಟೂಲು ಬೇಕು.

ಗೋಡೆಗೆ ಹಿಡಿಕೆ ಹಾಕಿಸುವಾಗ ಗೋಡೆ ಯಾವುದು ಎಂದು ನೋಡಿ. ಜಂಬಿಟ್ಟಿಗೆ ಅಥವಾ ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ಮೇಲೆ ಕೂರಿಸಿದ ತಿರುಪು ಭಾರ ಬಿದ್ದಾಗ ಪುಡಿಸಮೇತ ಕಿತ್ತು ಬರುತ್ತದೆ. ಗೋಡೆಯ ಆಚೆಗೂ ಬೋಲ್ಟ್ ದಾಟಿಸಿ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಬೇಕು. ಆಗದಿದ್ದರೆ ನೆಲದಿಂದ ತೊಲೆಯವರೆಗೆ ಜಿ.ಐ. ಪೈಪ್ ನಿಲ್ಲಿಸಿ. ಗಾಳಿ ಎಳೆದು ಅಂಟುವ ರಬ್ಬರ್ ಕಪ್ಪಿನ ಹಿಡಿಕೆ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಟವೆಲ್ ನೇತುಹಾಕಲು ಸರಿ.

ಗುಂಡಿಯ ಜಾಗದಲ್ಲಿ ವೆಲ್ಕ್ರೋ ಹೊಲಿಸಿ, ಗುಂಡಿ ಮೇಲೆ ಶೋಕಿಗೆ ಇರಲಿ. ಲುಂಗಿ, ಪಂಚೆಗಿಂತ ಎಲಾಸ್ಟಿಕ್ ಪೈಜಾಮ ವಾಸಿ. ಬಿಗಿ ಹಿಡಿದ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಕೊನೆಗೆ.

ಊಟಕ್ಕೆ ಮಣೆ ಬಿಟ್ಟು ಮೇಜಿಗೆ ಬನ್ನಿ. ಕಾಯಿಲೆಯವರಿಗೆ ಗಂಜಿ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ನುಂಗುವ ತೊಂದರೆ ಶುರುವಾದವರಿಗೆ ತೆಳು ತಿಳಿಯಲ್ಲಿ ಅಗುಳು ತೇಲುವ ಗಂಜಿಯೇ ಅತಿ ಕಷ್ಟ. ತಿಳಿ ಮೊದಲು ಜಾರಿ ಶ್ವಾಸನಾಳಕ್ಕೆ ಹೋಗುತ್ತದೆ, ಅಗುಳು ಬಾಯಲ್ಲೇ ಉಳಿಯುತ್ತದೆ. ಮಂದವಾಗಿ ರುಬ್ಬಿ ಕೊಡಿ. ಒಣ ಅವಲಕ್ಕಿ, ಕವಳ (ಎಲೆ ಅಡಕೆ) ಬಿಡಿಸಿ. ಸಣ್ಣ ತುತ್ತು, ಗದ್ದ ಸ್ವಲ್ಪ ಕೆಳಗೆ, ಒಂದು ತುತ್ತಿಗೆ ಎರಡು ಸಲ ನುಂಗುವುದು. ಊಟದ ನಡುವೆ ಕೆಮ್ಮು, ದನಿಯಲ್ಲಿ ನೀರು ತುಂಬಿದಂಥ ಗೊರಗೊರ ಇದ್ದರೆ ನುಂಗುವಿಕೆಯ ಪರೀಕ್ಷೆ ಮಾಡಿಸಲೇಬೇಕು. ಮಲಬದ್ಧತೆಯನ್ನು ಕಡೆಗಣಿಸಬೇಡಿ. ಹೊಟ್ಟೆ ಕಟ್ಟಿದರೆ ಮಾತ್ರೆ ಹಿಡಿಯುವುದೂ ತಡವಾಗುತ್ತದೆ. ಬಸಳೆ, ಪಪ್ಪಾಯ, ಧಾರಾಳ ನೀರು.

ಘಟ್ಟ ಇಳಿಯುವಾಗ

ಮಣಿಪಾಲಕ್ಕೆ ತೋರಿಸಲು ಆಗುಂಬೆ ಘಾಟಿ ಇಳಿಯುವವರು ವಾಂತಿ, ತಲೆಸುತ್ತಿಗೆ ಅಂಗಡಿಯಿಂದ ಮಾತ್ರೆ ತಂದು ನುಂಗುವುದು ಮಾಮೂಲು. ಪಾರ್ಕಿನ್ಸನ್ ಇರುವವರಿಗೆ ಇದು ಅಪಾಯ. ಸ್ಟ್ರಿಪ್ಪಿನ ಹಿಂದೆ ಸಿನ್ನಾರಿಜಿನ್, ಪ್ರೋಕ್ಲೋರ್‌ಪೆರಜಿನ್, ಮೆಟೊಕ್ಲೊಪ್ರಮೈಡ್ ಎಂದು ಇದ್ದರೆ ಬೇಡ. ಇವು ಡೋಪಮಿನ್ನಿನ ಕೆಲಸಕ್ಕೆ ಅಡ್ಡ ನಿಂತು ಬಿಗಿತ, ನಡುಕ ಹೆಚ್ಚಿಸುತ್ತವೆ. ಬದಲಿಗೆ ಯಾವುದು ಎಂದು ಹೊರಡುವ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ.

ವೈದ್ಯರ ಬಳಿಗೆ ಹೋಗುವ ಮೊದಲು ಮೂರು ದಿನದ ಪಟ್ಟಿ ಬರೆಯಿರಿ: ಮಾತ್ರೆ ಎಷ್ಟಕ್ಕೆ, ಹಿಡಿದದ್ದು ಎಷ್ಟಕ್ಕೆ, ಅದರ ಗುಣ ಇಳಿದದ್ದು ಎಷ್ಟಕ್ಕೆ. ಕಾಲು ನಿಂತಾಗಿನ ಅರ್ಧ ನಿಮಿಷದ ವಿಡಿಯೋ ಮೊಬೈಲಿನಲ್ಲಿರಲಿ. ಆಸ್ಪತ್ರೆಯಲ್ಲಿ ಹೆಚ್ಚಿನವರು ಚೆನ್ನಾಗಿಯೇ ನಡೆದು ತೋರಿಸುತ್ತಾರೆ, ಮನೆಯ ಕಷ್ಟ ವೈದ್ಯರಿಗೆ ಕಾಣುವುದೇ ಇಲ್ಲ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಕೂಡ ಇದೆ. ಅಂಗವಿಕಲರ ಗುರುತಿನ ಚೀಟಿಯಾದ ಯು.ಡಿ.ಐ.ಡಿ. ಕಾರ್ಡಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು.

ಬೇರೆ ಯಾವುದೋ ಕಾಯಿಲೆಗೆ ಅಡ್ಮಿಟ್ ಆದರೆ ಈ ಮಾತ್ರೆಗಳ ಸ್ಟ್ರಿಪ್ಪು, ಗಂಟೆ ಬರೆದ ಚೀಟಿ ಎರಡನ್ನೂ ಜೊತೆಗೆ ಒಯ್ಯಿರಿ. ವಾರ್ಡಿನಲ್ಲಿ ಎಲ್ಲರಿಗೂ ಔಷಧಿ ಕೊಡುವ ಹೊತ್ತು ಬೇರೆ, ಇವರ ಹೊತ್ತು ಬೇರೆ ಎಂದು ಪ್ರತಿ ಪಾಳಿಯ ಸಿಸ್ಟರಿಗೂ ಹೇಳಿ. ಲೆವೊಡೋಪಾ ಒಮ್ಮೆಲೇ ನಿಂತರೆ ತೀವ್ರ ಜ್ವರ, ಮೈಯೆಲ್ಲ ಮರಗಟ್ಟುವ ಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು. ಆಪರೇಷನ್ನಿಗೆ ಮುನ್ನ ಬಾಯಿಗೆ ಏನೂ ಹಾಕಬೇಡಿ ಎಂದಾಗ ಈ ಮಾತ್ರೆಯೂ ಅದರಲ್ಲಿ ಸೇರಿತೇ ಎಂದು ಅರಿವಳಿಕೆ ವೈದ್ಯರನ್ನೇ ಕೇಳಿ.