ಹಳೇ ಜೀಪಿನ ಚಕ್ರ ಅಲ್ಲಾಡುತ್ತಿದೆಯೇ? ನಟ್ ಬಿಗಿಯುವ ಮೊದಲು ಹಬ್ ಬಿಚ್ಚಿ ನೋಡಿ

ಮಲೆನಾಡಿನ ಕಾಫಿ ತೋಟಗಳ ಶೆಡ್ಡುಗಳಲ್ಲಿ ಹಳೇ ವಿಲ್ಲೀಸ್, ಮಹೀಂದ್ರ ಜೀಪುಗಳು ಇನ್ನೂ ಉಸಿರಾಡುತ್ತಿವೆ. ಎಂಜಿನ್ನಿಗೂ ಬಣ್ಣಕ್ಕೂ ಧಾರಾಳವಾಗಿ ಖರ್ಚು ಮಾಡುವವರು ಮುಂದಿನ ಚಕ್ರದ ಹಬ್ (ಚಕ್ರ ಕೂರುವ ನಡುಭಾಗ) ಒಳಗಿನ ಬೇರಿಂಗ್ ಮಾತ್ರ ಮರೆತಿರುತ್ತಾರೆ. ಘಾಟಿಯ ತಿರುವಿನಲ್ಲಿ 'ಗೊರ್' ಎಂಬ ಸದ್ದು ಬಂದಾಗಲೇ ಅದರ ನೆನಪು. ಆಗಲೂ ನಟ್ ಒಂದು ಸುತ್ತು ಬಿಗಿದು ಕೈತೊಳೆದುಕೊಳ್ಳುವುದೇ ಹೆಚ್ಚು. ಆದರೆ ಸಡಿಲ ಎಲ್ಲಿದೆ ಎಂದು ತಿಳಿಯದೆ ನಟ್ ಬಿಗಿದರೆ ಹಾಳಾಗುವುದು ಬೇರಿಂಗೇ.

ಮೊದಲು ಸಮತಟ್ಟಾದ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಮುಂಭಾಗವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿಯನ್ನು ನಂಬಿ ಕೆಲಸಕ್ಕೆ ಕೂರಬೇಡಿ. ಟೈರಿನ ಮೇಲೊಂದು ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಚಕ್ರ ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ, ಮತ್ತೆ ಅಲ್ಲಾಡಿಸಿ. ಆಟ ನಿಂತರೆ ತೊಂದರೆ ಇರುವುದು ಚಕ್ರದ ಬೇರಿಂಗ್‌ನಲ್ಲಿ. ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ ನೋಡಬೇಕು, ಅದು ಬೇರೆಯೇ ಕೆಲಸ.

ಚಕ್ರ ಬಿಚ್ಚುವಾಗ ಒಂದು ಎಚ್ಚರಿಕೆ. ಹಳೇ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುತ್ತದೆ. ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಇದು ಗೊತ್ತಿಲ್ಲದೆ ಪೈಪು ಹಾಕಿ ಎಡಕ್ಕೆ ತಿರುಗಿಸಿ ಸ್ಟಡ್ ಮುರಿದವರು ಬಹಳ ಮಂದಿ. ಆಮೇಲೆ ಹಬ್ಬಿನ ಮುಖಕ್ಕೆ ಹಾಕಿದ ಆರು ಬೋಲ್ಟ್‌ನ ಫ್ಲ್ಯಾಂಜ್ ತೆಗೆಯಿರಿ. ಅದರ ಹಿಂದೆ ತೆಳ್ಳನೆಯ ಶಿಮ್‌ಗಳಿದ್ದರೆ (ಅಂತರ ತುಂಬುವ ತಗಡಿನ ಬಿಲ್ಲೆಗಳು) ಹಾಗೇ ಜೋಪಾನವಾಗಿ ಎತ್ತಿಡಿ. ಒಳಗೆ ಎರಡು ದೊಡ್ಡ ನಟ್, ನಡುವೆ ಮಡಚಿದ ಲಾಕ್ ವಾಷರ್ ಕಾಣುತ್ತವೆ. ಉಳಿ, ಸುತ್ತಿಗೆಯಿಂದ ಹೊಡೆಯದೆ ಸರಿಯಾದ ಬಾಕ್ಸ್ ಸ್ಪ್ಯಾನರ್ ಬಳಸಿ.

ಬೇರಿಂಗ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ರೋಲರ್‌ಗಳಿರುವ ಒಳಬಳೆಗೆ ಕೋನ್ ಎನ್ನುತ್ತಾರೆ, ಹಬ್ ಒಳಗೆ ಕೂರುವ ಹೊರಬಳೆಗೆ ಕಪ್. ರೋಲರ್ ನೀಲಿಗಟ್ಟಿದ್ದರೆ ಅಥವಾ ಕಪ್ಪಿನೊಳಗೆ ಸಿಡುಬಿನ ಕಲೆಯಂಥ ಗುಳಿಗಳಿದ್ದರೆ ಇಡೀ ಸೆಟ್ ಬದಲಾಯಿಸಿ. ಹಳೇ ಕಪ್ಪಿಗೆ ಹೊಸ ಕೋನ್ ಎಂದೂ ಜೋಡಿಸಬಾರದು. ಹಬ್ಬಿನ ಒಳಗಿನ ಬೇರಿಂಗೂ ಹೊರಗಿನದೂ ಒಂದೇ ಅಳತೆ: ಕೋನ್ ನಂಬರ್ 18590, ಕಪ್ ನಂಬರ್ 18520. ಸೇಂಟ್ ಲೂಯಿಸ್‌ನಲ್ಲಿ ಸಾರೋಟು ಮಾಡುತ್ತಿದ್ದ ಹೆನ್ರಿ ಟಿಮ್ಕೆನ್ 1898ರಲ್ಲಿ ಪೇಟೆಂಟ್ ಪಡೆದ ಓರೆ ರೋಲರ್ ಬೇರಿಂಗ್‌ನ ವಂಶವೇ ಇದು. ತಿರುವಿನಲ್ಲಿ ಪಕ್ಕದಿಂದ ಬೀಳುವ ಒತ್ತಡವನ್ನೂ ತಡೆಯುವುದು ಆ ಓರೆಯ ಗುಣ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕೋನ್ ಸ್ಪಿಂಡಲ್ (ಹಬ್ ಯಾವುದರ ಸುತ್ತ ತಿರುಗುತ್ತದೋ ಆ ಅಚ್ಚು) ಮೇಲೆ ಕೈಯಿಂದಲೇ ಜಾರಬೇಕು. ಅದನ್ನು ಸಡಿಲ ಎಂದುಕೊಂಡು ಗಾಬರಿಯಾಗಬೇಡಿ, ಅದು ಇರಬೇಕಾದ್ದೇ ಹಾಗೆ. ಕಪ್ ಹಾಗಲ್ಲ. ಅದು ಹಬ್ ಜೊತೆ ಸುತ್ತುತ್ತದೆ, ಭಾರವೋ ಒಂದೇ ದಿಕ್ಕಿನಿಂದ ಬೀಳುತ್ತದೆ. ಹಾಗಾಗಿ ಸುತ್ತು ಸುತ್ತಿಗೂ ಕಪ್ಪಿನ ಪ್ರತಿ ಭಾಗವೂ ಏಟು ತಿನ್ನುತ್ತದೆ. ಬಿಗಿಯಾಗಿಲ್ಲದಿದ್ದರೆ ಅದು ಹಬ್ ಒಳಗೇ ತೆವಳುತ್ತಾ ಗೋಡೆಯನ್ನು ಸವೆಸುತ್ತದೆ. ಕಪ್ ಕೈಯಿಂದ ಹೊರಬಂತೆಂದರೆ ರೋಗ ಸಿಕ್ಕಿತು.

ನನ್ನ ಜೀಪಿನ ಹಬ್ ಬಿಚ್ಚಿದಾಗ ಒಳಗೋಡೆಯ ತುಂಬ ಸೆಂಟರ್ ಪಂಚ್‌ನ ಚುಕ್ಕೆಗಳಿದ್ದವು. ಹಿಂದೆ ಯಾರೋ ಕಪ್ ಬಿಗಿಯಾಗಲೆಂದು ಹೊಡೆದದ್ದು. ಚುಕ್ಕೆಯ ಸುತ್ತ ಎದ್ದ ಅಂಚುಗಳಷ್ಟೇ ಕಪ್ಪನ್ನು ಹಿಡಿಯುತ್ತವೆ, ಕೆಲವೇ ದಿನದಲ್ಲಿ ಚಪ್ಪಟೆಯಾಗುತ್ತವೆ. ತಗಡಿನ ಚೂರು ತುರುಕುವುದೂ ಅಷ್ಟೇ. ಕಪ್ಪಿಗೆ ವೆಲ್ಡಿಂಗ್ ಹಾಕುವುದಂತೂ ಅನ್ಯಾಯ: ಬಿಸಿಗೆ ಅದರ ಹದ ಹೋಗುತ್ತದೆ, ಆಕಾರ ಕೆಡುತ್ತದೆ.

ಸರಿಯಾದ ದಾರಿ ಅಳತೆಯಿಂದ ಶುರು. ಕಪ್ಪಿನ ಹೊರವ್ಯಾಸ 73.025 ಮಿ.ಮೀ. ಹಬ್ ರಂಧ್ರ ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು. ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಹಾಕಿಸಿ, ಎರಡು ಮೂರು ಕಡೆ ಅಳೆಸಿ, ಮೊಟ್ಟೆಯಾಕಾರ ಬಂದಿದೆಯೇ ಕೇಳಿ. ಅಂತರ ತೀರಾ ಕಡಿಮೆಯಿದ್ದು ರಂಧ್ರ ದುಂಡಗಿದ್ದರೆ ಲಾಕ್‌ಟೈಟ್ 638ರಂಥ ಅಂಟು ಸಾಕು. ಎರಡೂ ಲೋಹವನ್ನು ಜಿಡ್ಡಿಲ್ಲದಂತೆ ಒರೆಸಿ, ಹಚ್ಚಿ, ಕೂರಿಸಿ, ಒಂದು ದಿನ ಮುಟ್ಟದೆ ಬಿಡಿ. ಸವೆತ ಹೆಚ್ಚಿದ್ದರೆ ರಂಧ್ರ ಬೋರ್ ಮಾಡಿಸಿ (ಹಿಗ್ಗಿಸಿ) ಉಕ್ಕಿನ ಸ್ಲೀವ್ (ಕೊಳವೆಯಂಥ ಬಳೆ) ಹಾಕಿಸಬೇಕು, ಇಲ್ಲವೇ ಬೇರೆ ಹಬ್ ಹುಡುಕಬೇಕು. ನಾನು ಸ್ಲೀವ್ ಹಾಕಿಸಿದೆ. ಜೀಪಿನ ಹಳೇ ಹಬ್ ಉಳಿಯಿತೆಂಬ ಸಂತೋಷ ನನಗಿದೆ. ಸ್ಪಿಂಡಲ್‌ನ ಕೆಳಬದಿಯಲ್ಲಿ ಉಗುರಿಗೆ ಸಿಗುವಷ್ಟು ಸವೆತವಿದ್ದರೆ ಸ್ಪಿಂಡಲ್ಲನ್ನೇ ಬದಲಿಸಿ. ಅದನ್ನು ಬೋಲ್ಟ್‌ಗಳಲ್ಲೇ ಕೂರಿಸಿರುತ್ತಾರೆ.

ಅಂಟು ಹಾಕದ ಬಿಗಿ ಹಬ್ಬಿಗೆ ಹೊಸ ಕಪ್ಪನ್ನು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ತಂದರೆ ಸಲೀಸಾಗಿ ಇಳಿಯುತ್ತದೆ. ಹಿತ್ತಾಳೆ ಸರಳಿನಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಬಡಿಯಿರಿ. 'ಟಣ್ ಟಣ್' ಎನ್ನುತ್ತಿದ್ದ ಸದ್ದು ತಟ್ಟನೆ ಗಟ್ಟಿಯಾಗಿ 'ಟಕ್' ಎಂದರೆ ತಳ ಮುಟ್ಟಿತು. ಅಲ್ಲಿಗೆ ನಿಲ್ಲಿಸಿ.

ಅಂಗೈಯಲ್ಲಿ ಗ್ರೀಸ್ ಉಂಡೆ ಇಟ್ಟು, ಕೋನ್‌ನ ಅಗಲದ ಅಂಚನ್ನು ಅದಕ್ಕೆ ಒತ್ತಿ ಒತ್ತಿ, ಮೇಲಿನ ರೋಲರ್ ಸಂದಿಯಿಂದ ಗ್ರೀಸ್ ಹೊರಬರುವ ತನಕ ತುಂಬಿ. ಆಯಿಲ್ ಸೀಲ್ ಹೊಸದೇ ಇರಲಿ. ಹಳೆಯದು ಸೋರಿದರೆ ಗ್ರೀಸ್ ಬ್ರೇಕಿಗೆ ಇಳಿಯುತ್ತದೆ.

ಕೊನೆಗೆ ನಟ್. ಹಬ್ಬನ್ನು ತಿರುಗಿಸುತ್ತಲೇ ಒಳಗಿನ ನಟ್ ಬಿಗಿಯಿರಿ, ಹಬ್ ಸ್ವಲ್ಪ ಹಿಡಿದಂತಾಗಬೇಕು. ಅಲ್ಲಿಂದ ಆರನೇ ಒಂದು ಸುತ್ತು ಹಿಂದಕ್ಕೆ ಬಿಡಿ. ಲಾಕ್ ವಾಷರ್, ಹೊರಗಿನ ನಟ್ ಹಾಕಿ ಬಿಗಿದು ಮತ್ತೊಮ್ಮೆ ತಿರುಗಿಸಿ ನೋಡಿ, ಏಕೆಂದರೆ ಹೊರಗಿನ ನಟ್ ಒಳಗಿನದನ್ನು ಸ್ವಲ್ಪ ಒತ್ತುತ್ತದೆ. ಸರಿಯೆನಿಸಿದ ಮೇಲೆ ವಾಷರ್ ಮಡಚಿ. ಹತ್ತು ಕಿಲೋಮೀಟರ್ ಓಡಿಸಿ ಬಂದು ಹಬ್ ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ನಟ್ ಹೆಚ್ಚು ಬಿಗಿಯಾಗಿದೆ, ಬಿಚ್ಚಿ ಮತ್ತೆ ಹೊಂದಿಸಿ.